ಬೀಡಿನ ಹಂಚು ಬಿದ್ದರೆ ಯಾಕೆ ಒಡೆಯುತ್ತದೆ?

ಸ್ಟೀಲ್ ತಾಟು ಕೈಜಾರಿ ಬಿದ್ದರೆ ಓಣಿಗೆಲ್ಲ ಕೇಳುವಂತೆ ಸದ್ದು ಮಾಡಿ ಸುಮ್ಮನಾಗುತ್ತದೆ. ಅಲ್ಯುಮಿನಿಯಂ ಬೋಗುಣಿ ಬಿದ್ದರೆ ನೆಗ್ಗುತ್ತದೆ. ಬೀಡಿನ ಹಂಚು ಬಿದ್ದರೆ ಮಾತ್ರ ಎರಡು ಹೋಳು. ಅದೂ ಕಬ್ಬಿಣವೇ, ಎರಕ ಹೊಯ್ದ ಕಬ್ಬಿಣ. ಉಳಿದೆರಡಕ್ಕಿಂತ ದಪ್ಪ, ಭಾರ ಬೇರೆ. ಆದರೂ ಮಡಕೆ ಒಡೆದ ಹಾಗೆ ಒಡೆಯುತ್ತದೆ.

ನಾನ್‌ಸ್ಟಿಕ್ ತವಾ ಸಾಕಾಯಿತು ಅಂತ ಬೀಡಿನ ಹಂಚು ತರುವವರು ಈಗ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಸಾಕಷ್ಟು ಜನ ಇದ್ದಾರೆ. ತಂದ ವಾರದೊಳಗೆ ಪ್ರಶ್ನೆಗಳು ಶುರುವಾಗುತ್ತವೆ. ಪಳಗಿಸಬೇಕು ಅಂತಾರೆ, ಪಳಗಿಸುವುದು ಅಂದರೆ ಏನು? ಸೋಪು ಹಾಕಬಹುದಾ? ಪುಂಡಿಪಲ್ಯ ಮಾಡಿದರೆ ಯಾಕೆ ಕಪ್ಪಾಯಿತು? ರಾತ್ರಿ ಒದ್ದೆ ಇಟ್ಟಿದ್ದಕ್ಕೆ ಬೆಳಿಗ್ಗೆಗೆ ಜಂಗು ಹಿಡಿಯಿತಲ್ಲ?

ಇವು ಬೇರೆ ಬೇರೆ ಪ್ರಶ್ನೆಗಳ ಹಾಗೆ ಕಾಣುತ್ತವೆ. ಆದರೆ ಎಲ್ಲದರ ಉತ್ತರವೂ ಪರಮಾಣುವಿನ ಹೊರ ಸುತ್ತಿನಲ್ಲಿರುವ ಕೆಲವೇ ಎಲೆಕ್ಟ್ರಾನ್‌ಗಳ ಹತ್ತಿರ ಇದೆ. ಅವನ್ನು ಪರಮಾಣು ಬಿಟ್ಟುಕೊಡುತ್ತದೋ, ಕಸಿದುಕೊಳ್ಳುತ್ತದೋ, ಹಂಚಿಕೊಳ್ಳುತ್ತದೋ ಅನ್ನುವುದರ ಮೇಲೆ ವಸ್ತು ಒಡೆಯುವುದು, ಬಾಗುವುದು, ಅಂಟುವುದು, ಜಂಗು ಹಿಡಿಯುವುದು ನಿಂತಿದೆ.

ಪರಮಾಣು, ಇಲ್ಲಿಗೆ ಬೇಕಾದಷ್ಟು

ಪರಮಾಣು ಅಂದರೆ ಕಬ್ಬಿಣ ಕಬ್ಬಿಣವಾಗಿಯೇ, ಇಂಗಾಲ ಇಂಗಾಲವಾಗಿಯೇ ಉಳಿಯುವ ಅತಿ ಸಣ್ಣ ಚೂರು. ಒಂದು ತಲೆಗೂದಲಿನ ದಪ್ಪದಷ್ಟು ಜಾಗದಲ್ಲಿ ಕಬ್ಬಿಣದ ಪರಮಾಣುಗಳನ್ನು ಸಾಲಾಗಿ ಇಟ್ಟರೆ ಸುಮಾರು 3 ಲಕ್ಷ ಹಿಡಿಸುತ್ತವೆ.

ಪರಮಾಣುವಿನ ನಟ್ಟನಡುವೆ ನ್ಯೂಕ್ಲಿಯಸ್ ಇದೆ. ಅದರಲ್ಲಿ ಪ್ಲಸ್ ಚಾರ್ಜ್ ಇರುವ ಪ್ರೋಟಾನ್‌ಗಳು, ಯಾವ ಚಾರ್ಜೂ ಇಲ್ಲದ ನ್ಯೂಟ್ರಾನ್‌ಗಳು. ಸುತ್ತಲೂ ಮೈನಸ್ ಚಾರ್ಜ್ ಇರುವ ಎಲೆಕ್ಟ್ರಾನ್‌ಗಳು. ಎಲೆಕ್ಟ್ರಾನ್ ಇದೆ ಅಂತ ತೋರಿಸಿದವರು ಜೆ. ಜೆ. ಥಾಮ್ಸನ್, 1897ರಲ್ಲಿ. ನಡುವೆ ನ್ಯೂಕ್ಲಿಯಸ್ ಇದೆ ಅಂದವರು ರುದರ್‌ಫೋರ್ಡ್, 1911ರಲ್ಲಿ. ಎಲೆಕ್ಟ್ರಾನ್‌ಗಳು ಬೇಕಾದಲ್ಲಿ ಇರುವುದಿಲ್ಲ, ಅವಕ್ಕೆ ಗೊತ್ತಾದ ಸುತ್ತುಗಳಿವೆ ಅಂತ 1913ರಲ್ಲಿ ನೀಲ್ಸ್ ಬೋರ್ ಹೇಳಿದರು. ಗ್ರಹಗಳ ಹಾಗೆ ಸುತ್ತುವ ಆ ಚಿತ್ರ ಪೂರ್ತಿ ಸರಿಯಲ್ಲ ಅಂತ ಆಮೇಲೆ ಗೊತ್ತಾಯಿತು. ಅಡುಗೆಮನೆಯ ಲೆಕ್ಕಕ್ಕೆ ಅದು ಧಾರಾಳ ಸಾಕು.

ಪ್ರೋಟಾನ್ ಎಷ್ಟು ಅನ್ನುವುದು ಧಾತು ಯಾವುದು ಅಂತ ತೀರ್ಮಾನಿಸುತ್ತದೆ. 6 ಇದ್ದರೆ ಇಂಗಾಲ, 13 ಇದ್ದರೆ ಅಲ್ಯುಮಿನಿಯಂ, 26 ಇದ್ದರೆ ಕಬ್ಬಿಣ. ಎಲೆಕ್ಟ್ರಾನ್‌ಗಳೂ ಅಷ್ಟೇ ಇರುತ್ತವೆ. ಮೊದಲ ಸುತ್ತಿನಲ್ಲಿ 2 ಹಿಡಿಸುತ್ತವೆ, ಎರಡನೆಯದರಲ್ಲಿ 8. ಹೊರಗಿನ ಸುತ್ತು ಭರ್ತಿ ಇದ್ದರೆ ಆ ಪರಮಾಣು ಯಾರ ತಂಟೆಗೂ ಹೋಗುವುದಿಲ್ಲ. ನಿಯಾನ್, ಆರ್ಗಾನ್ ಅಂಥವು. ಉಳಿದವುಗಳ ಹೊರ ಸುತ್ತು ಅರ್ಧಂಬರ್ಧ. ಹಾಗಾಗಿ ಅವು ಪಕ್ಕದ ಪರಮಾಣುವಿನ ಜೊತೆ ಏನಾದರೂ ವ್ಯವಹಾರ ಕುದುರಿಸಿಕೊಳ್ಳುತ್ತವೆ. ಆ ವ್ಯವಹಾರದಿಂದ ಹುಟ್ಟುವ ಹಿಡಿತಕ್ಕೇ ರಾಸಾಯನಿಕ ಬಂಧ ಅನ್ನುವುದು. ಒಳಗಿನ ಸುತ್ತಿನ ಎಲೆಕ್ಟ್ರಾನ್‌ಗಳಿಗೆ ಇದರಲ್ಲಿ ಕೆಲಸವಿಲ್ಲ.

ಲೋಹ ಅಂದರೆ ಒಂದು ಭಿಶಿ

ಕಬ್ಬಿಣ, ಅಲ್ಯುಮಿನಿಯಂ, ತಾಮ್ರದಂಥ ಲೋಹಗಳಿಗೆ ಹೊರಗಿನ ಎಲೆಕ್ಟ್ರಾನ್‌ಗಳ ಮೇಲೆ ಹಿಡಿತ ಕಡಿಮೆ. ಎಲ್ಲ ಪರಮಾಣುಗಳೂ ತಮ್ಮ ಹೊರಗಿನ ಎಲೆಕ್ಟ್ರಾನ್‌ಗಳನ್ನು ಒಟ್ಟಿಗೆ ಹಾಕಿಬಿಡುತ್ತವೆ. ನಮ್ಮ ಕಡೆ ಹೆಣ್ಣುಮಕ್ಕಳು ಎಲ್ಲರೂ ದುಡ್ಡು ಹಾಕಿ ನಡೆಸುವ ಭಿಶಿ, ಅಂದರೆ ಚೀಟಿ, ಇದೆಯಲ್ಲ, ಹಾಗೆಯೇ ಇದೂ. ಹಾಕಿದ ಮೇಲೆ ಯಾವ ನೋಟು ಯಾರದು ಅಂತ ಹೇಳುವುದಕ್ಕಾಗುವುದಿಲ್ಲ. ದುಡ್ಡು ಎಲ್ಲರದು. ಸದಸ್ಯರು ಕೂತ ಜಾಗ ಬದಲಿಸಿದರೆ ಭಿಶಿ ಮುರಿಯುವುದೂ ಇಲ್ಲ.

ಈ ಜಾಗ ಬದಲಿಸುವ ಮಾತೇ ಇಲ್ಲಿ ಮುಖ್ಯ. ಲೋಹಕ್ಕೆ ಪೆಟ್ಟು ಬಿದ್ದಾಗ ಪರಮಾಣುಗಳ ಒಂದು ಪದರ ಇನ್ನೊಂದರ ಮೇಲೆ ಸರಿಯುತ್ತದೆ. ಹಳೆಯ ಪಕ್ಕದವರು ಹೋಗಿ ಹೊಸಬರು ಬರುತ್ತಾರೆ, ಆದರೆ ಎಲೆಕ್ಟ್ರಾನ್‌ಗಳ ಸಾಮೂಹಿಕ ಖಾತೆ ಹಾಗೇ ಇರುತ್ತದೆ. ಹಿಡಿತ ತಪ್ಪುವುದಿಲ್ಲ. ಅದಕ್ಕೇ ಬೋಗುಣಿ ನೆಗ್ಗುತ್ತದೆ, ಒಡೆಯುವುದಿಲ್ಲ. ಕಂಚುಗಾರರು ತಾಮ್ರ ಬಡಿದು ಕೊಡ ಮಾಡುವುದೂ ಇದೇ ಗುಣದಿಂದ.

ಲೋಹ ಬೇಗ ಬಿಸಿಯಾಗುವುದೂ ಈ ತಿರುಗಾಡುವ ಎಲೆಕ್ಟ್ರಾನ್‌ಗಳಿಂದ. ಶಾಖವನ್ನು ಅವೇ ಹೊತ್ತು ಓಡುತ್ತವೆ. ಆದರೆ ಎಲ್ಲ ಲೋಹಗಳಲ್ಲಿ ಓಟ ಒಂದೇ ಸಮ ಇರುವುದಿಲ್ಲ. ಶಾಖ ಸಾಗಿಸುವ ಶಕ್ತಿಯನ್ನು ಅಳೆದರೆ ತಾಮ್ರಕ್ಕೆ ಸುಮಾರು 400 ಅಂಕ, ಅಲ್ಯುಮಿನಿಯಂಗೆ 200ಕ್ಕೂ ಜಾಸ್ತಿ, ಬೀಡಿಗೆ 50ರ ಆಸುಪಾಸು, ಸ್ಟೇನ್‌ಲೆಸ್ ಸ್ಟೀಲಿಗೆ ಬರೀ 15. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕಬ್ಬಿಣದ ನಡುವೆ ಕ್ರೋಮಿಯಂ, ನಿಕಲ್ ಪರಮಾಣುಗಳು ಬೆರೆತಿರುತ್ತವೆ. ಎಲೆಕ್ಟ್ರಾನ್‌ಗಳು ಅವಕ್ಕೆ ತಾಗಿ ದಾರಿ ತಪ್ಪುತ್ತವೆ. ಸ್ಟೀಲ್ ಪಾತ್ರೆಯಲ್ಲಿ ಉರಿ ತಾಗಿದ ಕಡೆಯಷ್ಟೇ ಸೀಯುವುದು ಇದಕ್ಕೇ. ಕೆಲವು ಪಾತ್ರೆಗಳ ಬುಡಕ್ಕೆ ತಾಮ್ರ ಹಚ್ಚಿರುವುದೂ ಇದಕ್ಕೇ.

ಉಪ್ಪಿನ ಹರಳು: ಒಬ್ಬ ಕೊಟ್ಟ, ಒಬ್ಬ ಇಸಿದುಕೊಂಡ

ಸೋಡಿಯಂ ಪರಮಾಣುವಿನ ಹೊರ ಸುತ್ತಿನಲ್ಲಿ ಒಂದೇ ಎಲೆಕ್ಟ್ರಾನ್. ಕ್ಲೋರಿನ್‌ಗೆ ಒಂದು ಕಡಿಮೆ. ಸೋಡಿಯಂ ಕೊಡುತ್ತದೆ, ಕ್ಲೋರಿನ್ ತೆಗೆದುಕೊಳ್ಳುತ್ತದೆ. ಕೊಟ್ಟದ್ದು ಪ್ಲಸ್ ಆಯಿತು, ತೆಗೆದುಕೊಂಡದ್ದು ಮೈನಸ್ ಆಯಿತು. ಹೀಗೆ ಚಾರ್ಜ್ ಬಂದ ಪರಮಾಣುವಿಗೆ ಅಯಾನು ಅನ್ನುತ್ತಾರೆ. ಪ್ಲಸ್ಸೂ ಮೈನಸ್ಸೂ ಒಂದನ್ನೊಂದು ಎಳೆದುಕೊಂಡು ಕೂರುವುದೇ ಅಯಾನಿಕ ಬಂಧ.

ಪುಡಿ ಉಪ್ಪನ್ನು ಕಪ್ಪು ಬಟ್ಟೆಯ ಮೇಲೆ ಉದುರಿಸಿ ಭೂತಗನ್ನಡಿ ಹಿಡಿದು ನೋಡಿ. ಸಣ್ಣ ಸಣ್ಣ ಪೆಟ್ಟಿಗೆಯಂಥ ಚೌಕಗಳು ಕಾಣುತ್ತವೆ. ಒಳಗೆ ಅಯಾನುಗಳು ಪ್ಲಸ್, ಮೈನಸ್, ಪ್ಲಸ್, ಮೈನಸ್ ಅಂತ ಮೂರೂ ದಿಕ್ಕಿಗೆ ಕಟ್ಟಿದ ಸಾಲುಗಳೇ ಹೊರಗೆ ಹಾಗೆ ಕಾಣುವುದು. ಹರಳುಪ್ಪನ್ನು ಕುಟ್ಟಿದಾಗ ಒಂದು ಪದರ ಸ್ವಲ್ಪ ಸರಿಯಿತು ಅಂದುಕೊಳ್ಳಿ. ಈಗ ಪ್ಲಸ್ ಎದುರಿಗೆ ಪ್ಲಸ್ ಬಂತು, ಮೈನಸ್ ಎದುರಿಗೆ ಮೈನಸ್. ಎರಡೂ ಒಂದನ್ನೊಂದು ತಳ್ಳುತ್ತವೆ, ಹರಳು ಟಕ್ಕನೆ ಸೀಳುತ್ತದೆ. ಲೋಹದಲ್ಲಿ ಜಾಗ ಬದಲಾದರೆ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ. ಹಿಡಿತ ಮಾತ್ರ ಗಟ್ಟಿಯೇ: ನೀರಿಲ್ಲದೆ ಬರೀ ಶಾಖಕ್ಕೆ ಉಪ್ಪು ಕರಗಬೇಕಾದರೆ 801 ಡಿಗ್ರಿ ಸೆಲ್ಸಿಯಸ್ ಬೇಕು.

ಪಾಲು: ಪೆನ್ಸಿಲ್ ಕಡ್ಡಿಯೂ ವಜ್ರವೂ

ಮೂರನೆಯದು ಪಾಲು. ಎರಡು ಪರಮಾಣುಗಳು ಒಂದೊಂದು ಎಲೆಕ್ಟ್ರಾನ್ ಹಾಕಿ, ಆ ಜೋಡಿಯನ್ನು ಇಬ್ಬರೂ ಬಳಸಿಕೊಳ್ಳುತ್ತವೆ. ಇದು ಕೋವೇಲೆಂಟ್ ಬಂಧ. ಹೀಗೆ ಜೋಡಿ ಹಂಚಿಕೊಳ್ಳುತ್ತವೆ ಅನ್ನುವ ವಿಚಾರವನ್ನು 1916ರಲ್ಲಿ ಮುಂದಿಟ್ಟವರು ಅಮೆರಿಕದ ಜಿ. ಎನ್. ಲೂಯಿಸ್. ಇದು ಇಬ್ಬರ ನಡುವಿನ ಖಾಸಗಿ ಒಪ್ಪಂದ, ಊರೆಲ್ಲ ಸೇರಿದ್ದಲ್ಲ. ಯಾವ ದಿಕ್ಕಿನಲ್ಲಿ ಕೈ ಚಾಚಬೇಕು ಅನ್ನುವುದೂ ಗೊತ್ತು ಮಾಡಿದ್ದು.

ಇಂಗಾಲಕ್ಕೆ ನಾಲ್ಕು ಕೈ. ನಾಲ್ಕೂ ಕೈಯಿಂದ ನಾಲ್ಕು ಇಂಗಾಲಗಳನ್ನು ಹಿಡಿದರೆ ವಜ್ರ. ಮೂರನ್ನು ಒಂದೇ ಸಮತಲದಲ್ಲಿ ಹಿಡಿದು ಹಾಳೆ ಹಾಳೆಯಾಗಿ ಕೂತರೆ ಗ್ರಾಫೈಟ್, ಅಂದರೆ ಪೆನ್ಸಿಲ್ಲಿನ ಕಡ್ಡಿ. ಗ್ರಾಫೈಟಿನ ಒಂದು ಹಾಳೆಯೊಳಗೆ ಪಕ್ಕಪಕ್ಕದ ಪರಮಾಣುಗಳ ದೂರ 0.142 ನ್ಯಾನೋಮೀಟರ್. ಒಂದು ಹಾಳೆಗೂ ಮೇಲಿನ ಹಾಳೆಗೂ 0.335, ಎರಡು ಪಟ್ಟಿಗೂ ಜಾಸ್ತಿ. ಹಾಳೆಯೊಳಗೆ ಬಿಗಿ, ಹಾಳೆಗಳ ನಡುವೆ ಸಡಿಲ. ಬರೆದಾಗ ಹಾಳೆಗಳು ಕಳಚಿ ಕಾಗದಕ್ಕೆ ಅಂಟುತ್ತವೆ. ಈ ಸಡಿಲತನವನ್ನು ನೆನಪಿಡಿ. ಹಂಚು ಒಡೆಯುವ ಗುಟ್ಟು ಇರುವುದು ಇಲ್ಲಿಯೇ.

ಉದ್ಯಮಬಾಗದಲ್ಲಿ ಒಂದು ಮುರಿದ ಎರಕ

ಬೆಳಗಾವಿ ಅಂದರೆ ಫೌಂಡ್ರಿಗಳ, ಎರಕದ ಕಾರ್ಖಾನೆಗಳ ಊರು. ಉದ್ಯಮಬಾಗದ ಕಡೆ ಹೋದರೆ ಎರಕದ ಮರಳಿನ ವಾಸನೆ, ಲೇತ್ ಸದ್ದು ಎರಡೂ ಸಿಗುತ್ತವೆ. ಅಲ್ಲಿ ಮುರಿದು ಬಿದ್ದ ಬೀಡಿನ ಚೂರೊಂದನ್ನು ಕೈಗೆತ್ತಿಕೊಳ್ಳಿ. ಮುರಿದ ಮುಖ ಸ್ಟೀಲಿನ ಹಾಗೆ ಹೊಳೆಯುವುದಿಲ್ಲ. ಮಂಕು ಬೂದು ಬಣ್ಣ. ಬೆರಳಿನಿಂದ ಉಜ್ಜಿದರೆ ಕಪ್ಪು ಹತ್ತುತ್ತದೆ. ಲೇತ್ ಮೇಲೆ ಸ್ಟೀಲ್ ತಿರುವಿದರೆ ಉದ್ದನೆಯ ಸುರುಳಿ ಬರುತ್ತದೆ, ಬೀಡು ತಿರುವಿದರೆ ಪುಡಿ ಉದುರುತ್ತದೆ. ದಿನವಿಡೀ ಬೀಡು ತಿರುವಿದವರ ಕೈ ಸಂಜೆಗೆ ಕಪ್ಪಗಾಗಿರುತ್ತದೆ. ಆ ಕಪ್ಪು ಗ್ರಾಫೈಟಿನದು.

ಬೀಡಿನಲ್ಲಿ ತೂಕದ ಲೆಕ್ಕಕ್ಕೆ ಶೇ. 2.5ರಿಂದ 4ರಷ್ಟು ಇಂಗಾಲ ಇರುತ್ತದೆ. ಕೇಳಿದರೆ ಕಡಿಮೆ ಅನ್ನಿಸುತ್ತದೆ, ಅಲ್ವಾ? ಆದರೆ ಇಂಗಾಲದ ಪರಮಾಣು ಬಹಳ ಹಗುರ, ಕಬ್ಬಿಣದ್ದರ ಐದನೇ ಒಂದು ಭಾಗದಷ್ಟು. ತಲೆ ಎಣಿಸಿದರೆ ಲೆಕ್ಕ ಬೇರೆ ಬರುತ್ತದೆ. ಶೇ. 3.5 ಇಂಗಾಲ ಇರುವ ಬೀಡಿನಲ್ಲಿ ಪ್ರತಿ 100 ಪರಮಾಣುಗಳಲ್ಲಿ ಸುಮಾರು 14 ಇಂಗಾಲದವು. ಸಾದಾ ತಗಡಿನ ಸ್ಟೀಲಿನಲ್ಲಿ ಇಂಗಾಲ ತೂಕದಲ್ಲಿ ಶೇ. 0.25ಕ್ಕಿಂತ ಕಡಿಮೆ.

ಕರಗಿದ ಬೀಡು ಇಂಗಾಲವನ್ನು ತನ್ನೊಳಗೆ ಹಿಡಿದಿಟ್ಟುಕೊಂಡಿರುತ್ತದೆ. ಆರುತ್ತ ಬಂದ ಹಾಗೆ ಅಷ್ಟೊಂದಕ್ಕೆ ಜಾಗ ಇರುವುದಿಲ್ಲ. ಇಂಗಾಲ ಹೊರಬಿದ್ದು ತನ್ನದೇ ಗುಂಪು ಕಟ್ಟುತ್ತದೆ. ಆರುವುದು ನಿಧಾನವಾದರೆ, ಸ್ವಲ್ಪ ಸಿಲಿಕಾನ್ ಕೂಡ ಸೇರಿಸಿದ್ದರೆ, ಅದು ಗ್ರಾಫೈಟಿನ ತೆಳುವಾದ ಚಕ್ಕೆಗಳಾಗಿ ಕಬ್ಬಿಣದೊಳಗೆಲ್ಲ ಹರಡಿಕೊಳ್ಳುತ್ತದೆ. ಗ್ರಾಫೈಟ್ ಹಗುರವಾದ್ದರಿಂದ ಜಾಗದ ಲೆಕ್ಕಕ್ಕೆ ಹತ್ತನೇ ಒಂದು ಭಾಗದಷ್ಟು ಅದೇ ತುಂಬುತ್ತದೆ.

ಹಂಚು ನೆಲಕ್ಕೆ ಬಿದ್ದಾಗ ಆಗುವುದು ಇಷ್ಟು. ಕಬ್ಬಿಣದ ಭಾಗ ಲೋಹದ ಸ್ವಭಾವದಂತೆ ಜಾರಲು, ಬಾಗಲು ನೋಡುತ್ತದೆ. ಆದರೆ ಎಲ್ಲ ಕಡೆ ಗ್ರಾಫೈಟ್ ಚಕ್ಕೆಗಳು ಅಡ್ಡ ಇವೆ. ಅವುಗಳ ಅಂಚು ಚೂಪು, ಒಳಗಿನ ಹಿಡಿತ ಸಡಿಲ. ಪೆಟ್ಟಿನ ಬಲವೆಲ್ಲ ಚೂಪಾದ ಅಂಚಿಗೆ ಬಂದು ಸೇರುತ್ತದೆ. ಅಲ್ಲಿಂದ ಬಿರುಕು ಹುಟ್ಟಿ ಒಂದು ಚಕ್ಕೆಯಿಂದ ಇನ್ನೊಂದಕ್ಕೆ ಹಾರುತ್ತ ಹೋಗುತ್ತದೆ. ಕಬ್ಬಿಣಕ್ಕೆ ಬಾಗುವಷ್ಟು ಪುರಸೊತ್ತು ಸಿಗುವುದೇ ಇಲ್ಲ. ಕೆಂಪಗೆ ಕಾದ ಹಂಚಿಗೆ ತಣ್ಣೀರು ಸುರಿದಾಗಲೂ ಇದೇ ಕಥೆ. ಮೇಲ್ಭಾಗ ಗಕ್ಕನೆ ಕುಗ್ಗುತ್ತದೆ, ಕೆಳಗಿನದು ಕುಗ್ಗಿರುವುದಿಲ್ಲ, ಆ ಜಗ್ಗಾಟ ಬಿರುಕಾಗುತ್ತದೆ.

ಎರಕದವರು ಇದಕ್ಕೆ ಉಪಾಯ ಕಂಡುಕೊಂಡಿದ್ದಾರೆ. ಕರಗಿದ ಬೀಡಿಗೆ ಒಂದಿಷ್ಟು ಮ್ಯಾಗ್ನೀಸಿಯಂ ಸೇರಿಸುತ್ತಾರೆ. ಮ್ಯಾಗ್ನೀಸಿಯಂ ಸುಮಾರು 1,090 ಡಿಗ್ರಿಗೇ ಕುದಿಯುತ್ತದೆ, ಬೀಡು ಅದಕ್ಕಿಂತ ಎಷ್ಟೋ ಬಿಸಿ ಇರುತ್ತದೆ. ಹಾಕಿದ ಕೂಡಲೇ ಕಣ್ಣು ಕುಕ್ಕುವ ಬಿಳಿ ಬೆಳಕು ಏಳುತ್ತದೆ. ಒಳಗೆ ಉಳಿಯುವ ಮ್ಯಾಗ್ನೀಸಿಯಂ ಶೇ. 0.05ರ ಆಸುಪಾಸು ಅಷ್ಟೇ. ಅಷ್ಟಕ್ಕೇ ಗ್ರಾಫೈಟ್ ಚಕ್ಕೆಯಾಗುವ ಬದಲು ಗುಂಡಗಾಗುತ್ತದೆ. ಗುಂಡಿಗೆ ಚೂಪು ಅಂಚಿಲ್ಲ, ಬಿರುಕಿಗೆ ದಾರಿಯಿಲ್ಲ. ಫೌಂಡ್ರಿಯಲ್ಲಿ ಎಸ್‌ಜಿ ಐರನ್ ಅನ್ನುವುದು ಇದನ್ನೇ. 1940ರ ದಶಕದಲ್ಲಿ ಬಂದ ಈ ಬೀಡು ಪೆಟ್ಟು ಬಿದ್ದರೆ ಬಾಗುತ್ತದೆ. ಗಾಡಿಗಳ ಎಷ್ಟೋ ಬಿಡಿಭಾಗ ಇದರಿಂದಲೇ ಆಗಿವೆ. ಅದೇ ಕಬ್ಬಿಣ, ಅದೇ ಇಂಗಾಲ, ಹೆಚ್ಚುಕಡಿಮೆ ಅದೇ ಪ್ರಮಾಣ. ಇಂಗಾಲ ಕೂತ ಆಕಾರ ಮಾತ್ರ ಬೇರೆ. ನನಗಂತೂ ಈ ಇಡೀ ವಿಷಯದಲ್ಲಿ ಇದಕ್ಕಿಂತ ಸೊಗಸಾದ ಸಂಗತಿ ಕಾಣುವುದಿಲ್ಲ.

ಹಾಗಾದರೆ ಹಂಚಿಗೂ ಯಾಕೆ ಅದನ್ನೇ ಹಾಕಬಾರದು? ಹಾಕಬಹುದು, ಖರ್ಚು ಜಾಸ್ತಿ. ಒಲೆಯ ಮೇಲೆ ಕೂತಿರುವ ಹಂಚಿಗೆ ಅಷ್ಟು ತಾಳಿಕೆ ಬೇಕಾಗಿಯೂ ಇಲ್ಲ, ಬೀಳಿಸದಿದ್ದರೆ ಆಯಿತು.

ಪಳಗಿಸುವುದು ಅಂದರೆ

ಹೊಸ ಹಂಚಿಗೆ ಎಣ್ಣೆ ಸವರಿ ಹೊಗೆ ಬರುವವರೆಗೆ ಕಾಯಿಸಿ, ಆರಿಸಿ, ಮತ್ತೆ ಸವರುತ್ತಾರೆ. ಎಣ್ಣೆ ಹಂಚಿನ ರಂಧ್ರಗಳಲ್ಲಿ ಇಳಿಯುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ನಿಜವಾಗಿ ಆಗುವುದು ಬೇರೆ. ಅಲ್ಲಿ ಎಣ್ಣೆ ಎಣ್ಣೆಯಾಗಿ ಉಳಿಯುವುದೇ ಇಲ್ಲ.

ಎಣ್ಣೆಯ ಒಂದು ಅಣುವಿನಲ್ಲಿ, ಅಂದರೆ ಪರಮಾಣುಗಳು ಕೂಡಿ ಆದ ಒಂದು ಘಟಕದಲ್ಲಿ, ಇಂಗಾಲದ ಮೂರು ಉದ್ದ ಸರಗಳಿವೆ. ಒಂದೊಂದರಲ್ಲಿ ಸಾಮಾನ್ಯವಾಗಿ 18 ಇಂಗಾಲ. ಸರದಲ್ಲಿ ಕೆಲವು ಕಡೆ ಇಬ್ಬರು ಇಂಗಾಲಗಳು ಒಂದು ಜೋಡಿ ಬದಲು ಎರಡು ಜೋಡಿ ಎಲೆಕ್ಟ್ರಾನ್ ಹಂಚಿಕೊಂಡಿರುತ್ತವೆ. ಇದು ಜೋಡಿ ಬಂಧ. ಶಾಖ ಮತ್ತು ಗಾಳಿಯ ಆಮ್ಲಜನಕ ಸೇರಿದಾಗ ಈ ಜೋಡಿ ಬಂಧಗಳ ಅಕ್ಕಪಕ್ಕ ಹೊಸ ಕೊಂಡಿ ಬೀಳುತ್ತದೆ. ಒಂದು ಅಣುವಿನ ಸರ ಪಕ್ಕದ ಅಣುವಿನ ಸರಕ್ಕೆ ಕೋವೇಲೆಂಟ್ ಬಂಧದಿಂದ ಸೇರಿಕೊಳ್ಳುತ್ತದೆ. ಹೀಗೆ ಸೇರುತ್ತ ಸೇರುತ್ತ ಹಂಚಿನ ಮೈಮೇಲೆಲ್ಲ ಒಂದೇ ದೊಡ್ಡ ಬಲೆಯಾಗುತ್ತದೆ. ಕಪ್ಪಗೆ, ನುಣುಪಾಗಿ ಕಾಣುವ ಆ ಪದರ ಒಂದು ಬಗೆಯ ಪ್ಲಾಸ್ಟಿಕ್ ಅಂದರೂ ತಪ್ಪಲ್ಲ.

ಯಾವ ಎಣ್ಣೆ ಒಳ್ಳೆಯದು ಅನ್ನುವುದಕ್ಕೂ ಇಲ್ಲೇ ಉತ್ತರ ಇದೆ. ಜೋಡಿ ಬಂಧ ಜಾಸ್ತಿ ಇದ್ದಷ್ಟು ಬಲೆ ಬೇಗ ಕಟ್ಟುತ್ತದೆ. ನಮ್ಮ ಕಡೆಯ ಕುಸುಬಿ ಎಣ್ಣೆಯಲ್ಲಿ ಮುಕ್ಕಾಲು ಪಾಲು ಎರಡು ಜೋಡಿ ಬಂಧ ಇರುವ ಲಿನೋಲಿಕ್ ಆಮ್ಲದ ಸರಗಳೇ. ಕುಸುಬಿ ಎಣ್ಣೆಯನ್ನು ಬಣ್ಣ, ವಾರ್ನಿಶ್‌ಗೆ ಬಳಸುವುದೂ ಅದು ಹೀಗೆ ಒಣಗಿ ಪದರ ಕಟ್ಟುತ್ತದೆ ಅಂತಲೇ. ಅಗಸಿ ಎಣ್ಣೆಯಲ್ಲಿ ಮೂರು ಜೋಡಿ ಬಂಧದ ಸರಗಳೇ ಹೆಚ್ಚು, ಅದು ಇನ್ನೂ ಬೇಗ. ಶೇಂಗಾ ಎಣ್ಣೆಯಲ್ಲಿ ಒಂದೇ ಜೋಡಿ ಬಂಧದ ಸರಗಳು ಹೆಚ್ಚು, ಹಾಗಾಗಿ ನಿಧಾನ. ಯಾವುದೇ ಎಣ್ಣೆಯಾದರೂ ಸವರಿದ ಮೇಲೆ ಬಟ್ಟೆಯಿಂದ ಒರೆಸಿ ತೆಳ್ಳಗೆ ಉಳಿಸಬೇಕು. ದಪ್ಪ ಹಚ್ಚಿದರೆ ಮೇಲಿನದಕ್ಕೆ ಮಾತ್ರ ಗಾಳಿ ತಾಗುತ್ತದೆ, ಕೆಳಗಿನದು ಜಿಗುಟಾಗಿ ಉಳಿಯುತ್ತದೆ.

ಪಾತ್ರೆ ತೊಳೆಯುವ ಸೋಪು ಜಿಡ್ಡನ್ನು ಎತ್ತುತ್ತದೆ, ಕೋವೇಲೆಂಟ್ ಬಂಧ ಕಡಿಯುವ ಶಕ್ತಿ ಅದಕ್ಕಿಲ್ಲ. ಸ್ವಲ್ಪ ಸೋಪಿಗೆ ಹೆದರಬೇಕಿಲ್ಲ. ಕಾಸ್ಟಿಕ್ ಸೋಡಾ ಮಾತ್ರ ಆ ಬಲೆಯನ್ನು ಕಡಿದು ಹಾಕುತ್ತದೆ. ತಂತಿ ಬ್ರಷ್ಶಿನಿಂದ ಉಜ್ಜಿದರೂ ಹೋಗುತ್ತದೆ. ಹುಣಸೆ, ಟೊಮೆಟೊ, ಪುಂಡಿ ಸೊಪ್ಪಿನ ಹುಳಿಯದು ಇನ್ನೊಂದು ಥರ. ಹುಳಿಯಲ್ಲಿರುವ ಹೈಡ್ರೋಜನ್ ಅಯಾನುಗಳು ಕಬ್ಬಿಣದಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತವೆ. ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣ ಅಯಾನಾಗಿ ಪಲ್ಯದೊಳಗೆ ಕರಗುತ್ತದೆ. ಪಲ್ಯ ಕಪ್ಪಾಗುತ್ತದೆ, ಬಾಯಿಗೆ ಕಬ್ಬಿಣದ ರುಚಿ ಬರುತ್ತದೆ.

ನಾನ್‌ಸ್ಟಿಕ್‌ಗೆ ಏನೂ ಯಾಕೆ ಅಂಟುವುದಿಲ್ಲ

1938ರಲ್ಲಿ ರಾಯ್ ಪ್ಲಂಕೆಟ್ ಅನ್ನುವ ಅಮೆರಿಕದ ರಸಾಯನ ವಿಜ್ಞಾನಿಯ ಸಿಲಿಂಡರಿನಲ್ಲಿ ಅನಿಲ ಇರಬೇಕಾದ ಕಡೆ ಬಿಳಿ ಪುಡಿ ಕೂತಿತ್ತು. ಅದೇ ಟೆಫ್ಲಾನ್. ಇಂಗಾಲದ ಉದ್ದನೆ ಸರ, ಸುತ್ತ ಫ್ಲೋರಿನ್ ಕವಚ. ಫ್ಲೋರಿನ್ ತನ್ನ ಎಲೆಕ್ಟ್ರಾನ್‌ಗಳನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಅಂದರೆ ಹೊರಗಿನ ಯಾರ ಜೊತೆಗೂ ವ್ಯವಹಾರಕ್ಕೆ ಅದರ ಹತ್ತಿರ ಏನೂ ಉಳಿದಿರುವುದಿಲ್ಲ. ಅದಕ್ಕೇ ದೋಸೆ ಅಂಟುವುದಿಲ್ಲ. ಆದರೆ ಇದು ಸುಮಾರು 260 ಡಿಗ್ರಿವರೆಗಿನ ಬಳಕೆಗಷ್ಟೇ. ಖಾಲಿ ತವಾವನ್ನು ದೊಡ್ಡ ಉರಿಯಲ್ಲಿ ಬಿಟ್ಟರೆ ಕೆಲವೇ ನಿಮಿಷದಲ್ಲಿ ಅದು ದಾಟುತ್ತದೆ. ಇನ್ನೂ ಕಾದರೆ ಪದರವೇ ಒಡೆದು ಕೆಟ್ಟ ಹೊಗೆ ಬರುತ್ತದೆ. ಜೋಳದ ರೊಟ್ಟಿಗೆ ಹಂಚನ್ನು ಖಾಲಿ ಇಟ್ಟೇ ಚೆನ್ನಾಗಿ ಕಾಯಿಸುತ್ತಾರೆ. ಆ ಕೆಲಸಕ್ಕೆ ಇದು ಹೇಳಿ ಮಾಡಿಸಿದ್ದಲ್ಲ.

ಜಂಗು

ಕಬ್ಬಿಣ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ, ಆಮ್ಲಜನಕ ತೆಗೆದುಕೊಳ್ಳುತ್ತದೆ, ನಡುವೆ ನೀರು ಬೇಕು. ಆಗುವ ಜಂಗು ಮೂಲ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಕೇಳುತ್ತದೆ. ಹಿಡಿಸದೆ ಪುಡಿಯಾಗಿ ಉದುರುತ್ತದೆ, ಕೆಳಗಿನ ಹೊಸ ಕಬ್ಬಿಣ ಬಯಲಾಗುತ್ತದೆ. ಅದಕ್ಕೇ ಜಂಗು ತಾನಾಗಿ ನಿಲ್ಲುವುದಿಲ್ಲ. ತೊಳೆದ ಹಂಚನ್ನು ಒರೆಸಿ, ಒಂದು ನಿಮಿಷ ಒಲೆಯ ಮೇಲಿಟ್ಟು, ಎಣ್ಣೆ ಕೈ ಆಡಿಸಿ ಇಡುವ ರೂಢಿ ಸುಮ್ನೆ ಬಂದದ್ದಲ್ಲ.

ಅಲ್ಯುಮಿನಿಯಂ ಕಬ್ಬಿಣಕ್ಕಿಂತ ಸಲೀಸಾಗಿ ಎಲೆಕ್ಟ್ರಾನ್ ಕೊಡುತ್ತದೆ. ಆದರೆ ಅದರ ಆಕ್ಸೈಡ್, ಅಂದರೆ ಆಮ್ಲಜನಕ ಸೇರಿ ಆದದ್ದು, ಕೆಲವೇ ನ್ಯಾನೋಮೀಟರ್ ದಪ್ಪದ ಬಿಗಿ ಪದರವಾಗಿ ಅಂಟಿಕೊಂಡು ಕೂರುತ್ತದೆ, ಗಾಳಿ ಒಳಗೆ ಹೋಗುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಈ ಕಾವಲು ಕ್ರೋಮಿಯಂನದು, ಅದು ಕನಿಷ್ಠ ಶೇ. 10.5 ಇರಬೇಕು. ಬೆಳಗಾವಿಯ ಹಿಂಡಾಲ್ಕೋ ಕಾರ್ಖಾನೆಯಲ್ಲಿ ಬಾಕ್ಸೈಟ್ ಅದಿರಿನಿಂದ ಮಾಡುವ ಬಿಳಿ ಪುಡಿ, ಅಲ್ಯುಮಿನಾ, ಅಲ್ಯುಮಿನಿಯಂನ ಇದೇ ಆಕ್ಸೈಡ್. ಅಲ್ಯುಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಅಲ್ಯುಮಿನಾ ಕರಗಲು 2,000 ಡಿಗ್ರಿ ದಾಟಬೇಕು. ಒಂದು ನೆಗ್ಗುವ ಬೋಗುಣಿ, ಇನ್ನೊಂದು ಸಾಣೆ ಕಲ್ಲಿಗೆ ಹಾಕುವಷ್ಟು ಗಟ್ಟಿ. ಧಾತು ಅದೇ, ಬಂಧ ಬೇರೆ.

ಹಿಟ್ಟಿಗೆ ಎಸರು ಯಾಕೆ

ಇಷ್ಟು ಹೊತ್ತು ನೋಡಿದ್ದು ಗಟ್ಟಿ ಬಂಧಗಳು. ದುರ್ಬಲ ಬಂಧವೂ ಒಂದಿದೆ, ಅದಿಲ್ಲದಿದ್ದರೆ ರೊಟ್ಟಿಯೇ ಇಲ್ಲ. ನೀರಿನ ಅಣುವಿನಲ್ಲಿ ಆಮ್ಲಜನಕ ಹಂಚಿಕೊಂಡ ಎಲೆಕ್ಟ್ರಾನ್‌ಗಳನ್ನು ತನ್ನ ಕಡೆ ಜಾಸ್ತಿ ಎಳೆದುಕೊಂಡಿರುತ್ತದೆ. ಹೈಡ್ರೋಜನ್ ಸ್ವಲ್ಪ ಪ್ಲಸ್ ಆಗಿ ಪಕ್ಕದ ಅಣುವಿನ ಆಮ್ಲಜನಕದ ಕಡೆ ವಾಲುತ್ತದೆ. ಇದು ಹೈಡ್ರೋಜನ್ ಬಂಧ. ಬಲ ಕೋವೇಲೆಂಟ್ ಬಂಧದ ಸುಮಾರು ಇಪ್ಪತ್ತನೇ ಒಂದು ಭಾಗ.

ಗೋಧಿ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿದರೂ ಅದರಲ್ಲಿರುವ ಗ್ಲುಟೆನ್ ಅನ್ನುವ ಜಿಗುಟು ಪ್ರೋಟೀನ್ ಹಿಡಿದುಕೊಳ್ಳುತ್ತದೆ. ಜೋಳದಲ್ಲಿ ಗ್ಲುಟೆನ್ ಇಲ್ಲ. ಅದರಲ್ಲಿರುವುದು ಪಿಷ್ಟದ ಕಾಳುಗಳು, ಒಳಗೆ ಸರಗಳು ಹೈಡ್ರೋಜನ್ ಬಂಧದಿಂದ ಒತ್ತೊತ್ತಾಗಿ ಕೂತಿವೆ. ತಣ್ಣೀರಿಗೆ ಅವು ಬಿಚ್ಚುವುದಿಲ್ಲ. ಕುದಿಯುವ ಎಸರು ಹಾಕಿದಾಗ, ಸುಮಾರು 70 ಡಿಗ್ರಿ ದಾಟಿದ ಮೇಲೆ, ಈ ಬಂಧಗಳು ಸಡಿಲವಾಗಿ ನೀರು ಒಳನುಗ್ಗುತ್ತದೆ. ಕಾಳು ಉಬ್ಬುತ್ತದೆ, ಹಿಟ್ಟಿಗೆ ಜಿಗುಟು ಬರುತ್ತದೆ. ಆಗಲೇ ರೊಟ್ಟಿ ಹರಿಯದೆ ಬಡಿಯಲು ಬರುವುದು. ನಾದಿದ ಹಿಟ್ಟು ಬಹಳ ಹೊತ್ತು ಆರಲು ಬಿಟ್ಟರೆ ಸರಗಳು ಮತ್ತೆ ಒಂದರ ಪಕ್ಕ ಒಂದು ಕೂರತೊಡಗುತ್ತವೆ. ಬಡಿಯುವಾಗ ಅಂಚು ಸೀಳುತ್ತದೆ.

ಖಡಕ್ ರೊಟ್ಟಿಯಲ್ಲಿ ನೀರನ್ನು ಪೂರ್ತಿ ಓಡಿಸಿರುತ್ತಾರೆ, ಅದಕ್ಕೇ ಅದು ವಾರಗಟ್ಟಲೆ ಇರುತ್ತದೆ. ಮಳೆಗಾಲದಲ್ಲಿ ಮಾತ್ರ ಗಾಳಿಯ ನೀರಿನ ಅಣುಗಳು ಪಿಷ್ಟದ ಸರಗಳ ನಡುವೆ ಮತ್ತೆ ನುಸುಳುತ್ತವೆ, ರೊಟ್ಟಿ ಮೆತ್ತಗಾಗುತ್ತದೆ. ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಡಿ. ಅಷ್ಟರಲ್ಲಿ ಮೆತ್ತಗಾಗಿದ್ದರೆ ಸಣ್ಣ ಉರಿಯಲ್ಲಿ ಎರಡೂ ಮಗ್ಗಲು ಕಾಯಿಸಿದರೆ ಸಾಕು, ನೀರು ಹೋಗಿ ಮತ್ತೆ ಖಡಕ್ ಆಗುತ್ತದೆ.